ಆರು ತಿಂಗಳ ಅಜ್ಜಿ

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇವರನ್ನು ಗುರುತಿಸುವುದು ಕಷ್ಟವಲ್ಲ. ಉಟ್ಟಿರುವುದು ಮದುವೆಮನೆಗೆ ಕಡಿಮೆ, ಮನೆಗೆ ಹೆಚ್ಚು ಅನ್ನಿಸುವ ಸೀರೆ. ಅದರ ಮೇಲೊಂದು ಸ್ವೆಟರು, ಕಾಲಿಗೆ ಅಳಿಯ ಕಳಿಸಿದ ಬಿಳಿ ಸ್ಪೋರ್ಟ್ಸ್ ಶೂ. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರು. ಪಾಸ್‌ಪೋರ್ಟು, ಇನ್ಶೂರೆನ್ಸು, ಮಗಳ ವಿಳಾಸದ ಜೊತೆಗೆ ಇಮಿಗ್ರೇಷನ್ನಿನವರು ಕೇಳಿದರೆ ಹೇಳಬೇಕಾದ ಎರಡು ಇಂಗ್ಲಿಷ್ ವಾಕ್ಯಗಳೂ ಅದರಲ್ಲಿರುತ್ತವೆ. ಬಿ-2 ವೀಸಾದಲ್ಲಿ ಇಳಿದವರಿಗೆ ಅಮೆರಿಕ ಸಾಮಾನ್ಯವಾಗಿ ಆರು ತಿಂಗಳ ವಾಸ್ತವ್ಯ ಕೊಡುತ್ತದೆ. ಮಗಳ ಬಾಣಂತನಕ್ಕೆ ಹೊರಟ ಈ ಅಜ್ಜಿಯ ಆಡಳಿತಾವಧಿಯೂ ಅಷ್ಟೇ.

ಎರಡು ಸೂಟ್‌ಕೇಸಿನಲ್ಲಿ ಒಂದು ಪೂರ್ತಿ ಪುಡಿ, ಲೇಹ್ಯ, ತಿಂಡಿ. ಇನ್ನೊಂದು ಮೊಮ್ಮಗುವಿನದು: ಹಳೆಯ ಸೀರೆ ಹರಿದು ಹೊಲಿದ ಮೆತ್ತನೆಯ ಬಟ್ಟೆಗಳು, ಸಾಂಬ್ರಾಣಿ, ಬಜೆ, ಕಾಡಿಗೆ ಡಬ್ಬಿ, ಉಡಿದಾರ, ಕತ್ತಿಗೆ ಕಟ್ಟಲು ಕುಲದೇವರ ತಾಯಿತ, ತಾವೇ ಹೆಣೆದ ಕುಲಾವಿಗಳು, ಮತ್ತು ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ಪುಟ್ಟ ದಿಂಬು. ಈ ಸಾಮಾನುಗಳಲ್ಲಿ ಮುಕ್ಕಾಲು ಪಾಲು ಕ್ಯಾಲಿಫೋರ್ನಿಯಾದಲ್ಲಿ ಮಗುವಿನ ಹಾಸಿಗೆಯ ಹತ್ತಿರವೂ ಸುಳಿಯುವಂತಿಲ್ಲ ಎಂಬುದು ಅವರಿಗಿನ್ನೂ ಗೊತ್ತಿಲ್ಲ.

ಸನ್ನಿವೇಲ್‌ನಲ್ಲೋ ಫ್ರೀಮಾಂಟ್‌ನಲ್ಲೋ ಮಗಳ ಅಪಾರ್ಟ್‌ಮೆಂಟು ಸೇರಿ, ಕೈಕಾಲು ತೊಳೆದು ಮಗುವನ್ನು ನೋಡಲು ಹೋಗುತ್ತಾರೆ. ಕ್ರಿಬ್ಬಿನಲ್ಲಿ ಮಗುವಿನ ಹೊರತು ಏನೂ ಇಲ್ಲ. ಹೊದಿಕೆ ಇಲ್ಲ, ದಿಂಬಿಲ್ಲ, ಪಕ್ಕಕ್ಕೆ ಒತ್ತು ಕೊಡಲು ಒಂದು ಬಟ್ಟೆಯ ಸುರುಳಿಯೂ ಇಲ್ಲ. ಹಾಸಿಗೆ ಒತ್ತಿ ನೋಡಿದರೆ ಊಟದ ಮಣೆಯಷ್ಟು ಗಟ್ಟಿ.

"ಸಾಮಾನೆಲ್ಲ ಇನ್ನೂ ಬಂದಿಲ್ವೇನೇ?"

"ಇಷ್ಟೇ ಅಮ್ಮ. ಇನ್ನೇನೂ ಇರಬಾರದು."

"ಯಾರು ಹೇಳಿದ್ದು?"

"ಎಎಪಿ."

ಎಎಪಿ ಎಂದರೆ ಅಳಿಯನ ಕಡೆಯ ಯಾರೋ ಹಿರಿಯರಿರಬೇಕು ಎಂದುಕೊಂಡು ಅಜ್ಜಿ ಸದ್ಯಕ್ಕೆ ಸುಮ್ಮನಾಗುತ್ತಾರೆ.

ಅದು ಅಮೆರಿಕದ ಮಕ್ಕಳ ವೈದ್ಯರ ಸಂಘ ಎಂದು ರಾತ್ರಿ ಊಟದ ಹೊತ್ತಿಗೆ ಅಳಿಯ ಬಿಡಿಸಿ ಹೇಳುತ್ತಾನೆ. ಮಕ್ಕಳನ್ನು ಬೋರಲು ಮಲಗಿಸಬೇಡಿ ಎಂದು ಆ ಸಂಘ 1992ರಲ್ಲಿ ಸಾರಿತು. 1994ರಲ್ಲಿ ಸರ್ಕಾರವೂ ಕೈಜೋಡಿಸಿ 'ಬ್ಯಾಕ್ ಟು ಸ್ಲೀಪ್' ಎಂಬ ಪ್ರಚಾರ ಶುರುವಾಯಿತು. ಕಾರಣವೇ ತಿಳಿಯದೆ ಹಸುಗೂಸುಗಳು ನಿದ್ದೆಯಲ್ಲಿ ತೀರಿಕೊಳ್ಳುವ 'ಸಿಡ್ಸ್' ಹತ್ತು ವರ್ಷದೊಳಗೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಇವತ್ತಿಗೂ ಆ ದೇಶದಲ್ಲಿ ವರ್ಷಕ್ಕೆ ಸುಮಾರು 3,500 ಶಿಶುಗಳು ನಿದ್ದೆಯ ವೇಳೆ ಹಠಾತ್ತನೆ ಸಾಯುತ್ತವೆ. ಹಾಗಾಗಿ ಸಂಘ 2022ರಲ್ಲಿ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡಿತು: ಅಂಗಾತ ಮಲಗಿಸಬೇಕು, ಹಾಸಿಗೆ ಸಮತಟ್ಟಾಗಿ ಗಟ್ಟಿಯಾಗಿರಬೇಕು, ಮೆತ್ತನೆಯದು ಒಂದೂ ಇರಕೂಡದು, ಮನೆಯೊಳಗೆ ಟೋಪಿ ಹಾಕಕೂಡದು.

ಅಜ್ಜಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕುತ್ತಾರೆ. "ಅಲ್ಲಾ, ಅದಕ್ಕೆ ಮುಂಚೆ ಬೋರಲು ಮಲಗಿಸಿ ಅಂತ ಹೇಳಿದ್ದವರು ಯಾರು?"

ಅಳಿಯ ಮೊಸರನ್ನ ಕಲೆಸುವುದರಲ್ಲಿ ಮಗ್ನನಾಗುತ್ತಾನೆ. ಹೇಳಿದ್ದವರು ಅಮೆರಿಕದ ವೈದ್ಯರೇ. ಮನೆಮನೆಯಲ್ಲೂ ಇದ್ದ ಡಾಕ್ಟರ್ ಬೆಂಜಮಿನ್ ಸ್ಪಾಕ್‌ರ ಶಿಶುಪಾಲನೆಯ ಪುಸ್ತಕ ಮೊದಲು ಬಂದದ್ದು 1946ರಲ್ಲಿ. 1950ರ ದಶಕದ ನಂತರದ ಆವೃತ್ತಿಗಳಲ್ಲಿ ಅದು, ಅಂಗಾತ ಮಲಗಿದ ಮಗು ವಾಂತಿ ಮಾಡಿಕೊಂಡರೆ ಉಸಿರು ಕಟ್ಟೀತೆಂದು ಬೋರಲು ಮಲಗಿಸಲು ಸಲಹೆ ಕೊಟ್ಟಿತು. ಒಂದು ತಲೆಮಾರು ಹಾಗೇ ಮಲಗಿತು.

"ನಾವು ಯಾವತ್ತೂ ಬೋರಲು ಹಾಕಿದವರಲ್ಲ. ನೀವೇ ಹಾಕಿ, ನೀವೇ ತಪ್ಪು ಅಂದು, ಈಗ ನಮಗೇ ಪಾಠ ಹೇಳೋದೇ?"

ಈ ಸುತ್ತು ಅಜ್ಜಿಗೇ ಸಲ್ಲಬೇಕು. ಆದರೆ ಗೆದ್ದ ಹುಮ್ಮಸ್ಸಿನಲ್ಲಿ ಸಾಸಿವೆ ದಿಂಬು ಹೊರತೆಗೆದು ಎರಡನೆಯ ಸುತ್ತು ಸೋಲುತ್ತಾರೆ. ತೊಟ್ಟಿಲು, ಸೀರೆಯ ಜೋಲಿ ಎಂದು ವಾದ ಮುಂದುವರಿಸಿದರೆ ಅಲ್ಲೂ ಸೋಲು. ಬಗ್ಗಿದ ಜಾಗದಲ್ಲಿ ಮಗುವಿನ ಗಲ್ಲ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗುತ್ತದೆ. ಇದನ್ನು ಅಮೆರಿಕನ್ನರೂ ಪುಸ್ತಕದಿಂದ ಕಲಿಯಲಿಲ್ಲ. 'ರಾಕ್ ಎನ್ ಪ್ಲೇ' ಎಂಬ ಓರೆಯಾದ ತೂಗುಹಾಸಿಗೆಯನ್ನು ಫಿಷರ್-ಪ್ರೈಸ್ ಕಂಪನಿ ಹತ್ತು ವರ್ಷ ಮಾರಿ, ಮೂವತ್ತಕ್ಕೂ ಹೆಚ್ಚು ಶಿಶುಗಳ ಸಾವು ವರದಿಯಾದ ಮೇಲೆ, 2019ರ ಏಪ್ರಿಲ್‌ನಲ್ಲಿ ಸುಮಾರು 47 ಲಕ್ಷ ಹಾಸಿಗೆಗಳನ್ನು ವಾಪಸು ಕರೆಸಿತು. 2022ರಲ್ಲಿ ಹತ್ತು ಡಿಗ್ರಿಗಿಂತ ಓರೆಯಾದ ಶಿಶು ಹಾಸಿಗೆಗಳನ್ನೂ ಕ್ರಿಬ್ಬಿನ ಸುತ್ತ ಕಟ್ಟುವ ಮೆತ್ತೆಗಳನ್ನೂ ಮಾರಬಾರದೆಂದು ಕಾನೂನೇ ಬಂತು. ತಾಯಿತದ ಗತಿಯೂ ಅದೇ. ಹಲ್ಲು ಬರುವಾಗ ಹಾಕುವ ಅಂಬರ್ ಮಣಿಸರ ಬಿಗಿದು ಹದಿನೆಂಟು ತಿಂಗಳ ಮಗುವೊಂದು ಸತ್ತ ಮೇಲೆ, ಇಂಥವನ್ನು ಹಾಕಬೇಡಿ ಎಂದು ಅಲ್ಲಿನ ಆಹಾರ-ಔಷಧ ನಿಯಂತ್ರಕ ಎಫ್‌ಡಿಎ 2018ರ ಡಿಸೆಂಬರ್‌ನಲ್ಲಿ ಎಚ್ಚರಿಸಿತ್ತು.

ಅಜ್ಜಿಯನ್ನು ತಿಳಿಯದವರು ಎಂದುಕೊಂಡರೆ ಕೆಟ್ಟಿರಿ. ಅವರ ತಕರಾರು ನಿಯಮದ ಮೇಲಲ್ಲ. ಸೂತಕದ ಮನೆಯಿಂದ ಬಂದವರು ಮಗು ಮುಟ್ಟಬಾರದು, ಸಂಜೆಯ ಮೇಲೆ ಮಗುವಿನ ಬಟ್ಟೆ ಹೊರಗೆ ಒಣಹಾಕಬಾರದು, ಮಲಗಿದ ಮಗುವನ್ನು ಹೊಗಳಬಾರದು ಎಂದು ಅವರದೂ ಉದ್ದದ ಪಟ್ಟಿ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. ಆ ಭಯದಲ್ಲಿ ಕಲಿತ ನಿಯಮಗಳಿವು. ಒಂದೇ ಮನೆಯಲ್ಲಿ ಇನ್ನೊಬ್ಬರ ಪಟ್ಟಿಯೂ ನಡೆಯುವುದು ಅವರಿಗೆ ಸಹಿಸದು, ಅಷ್ಟೇ.

ಆ ಇನ್ನೊಬ್ಬರು ಡೇಕೇರ್‌ನ ಮಿಸ್.

"ನಾನಿರುವಾಗ ಡೇಕೇರ್ ಯಾಕೆ?" ಎಂದು ಅಜ್ಜಿ ಕೇಳಿಯೇ ಕೇಳುತ್ತಾರೆ. ಹಸುಗೂಸುಗಳ ಕೋಣೆಯಲ್ಲಿ ಜಾಗ ಸಿಗಲು ಬಸುರಿಯಿದ್ದಾಗಲೇ ಹೆಸರು ಬರೆಸಿದ್ದು, ಸಿಕ್ಕಾಗ ಬಿಟ್ಟರೆ ಮತ್ತೆ ಕ್ಯೂ, ಅಜ್ಜಿ ಮಾರ್ಚಿಯಲ್ಲಿ ವಿಮಾನ ಹತ್ತುವಷ್ಟರಲ್ಲಿ ಮಗು ಅಲ್ಲಿಗೆ ಒಗ್ಗಿರಬೇಕು. ಮೊದಲ ದಿನ ಅಜ್ಜಿಯೂ ಜೊತೆಗೆ ಹೋಗುತ್ತಾರೆ, ತಪಾಸಣೆಗೆ. ಕ್ಯಾಲಿಫೋರ್ನಿಯಾದ ನಿಯಮದಂತೆ ನಾಲ್ಕು ಶಿಶುಗಳಿಗೆ ಒಬ್ಬ ಮಿಸ್. ಮಲಗಿದ ಪ್ರತಿ ಮಗುವಿನ ಹತ್ತಿರ ಹದಿನೈದು ನಿಮಿಷಕ್ಕೊಮ್ಮೆ ಹೋಗಿ ಉಸಿರು, ಮೈಬಣ್ಣ ನೋಡಿ ಬರೆದಿಡಬೇಕು. ಬಟ್ಟೆಯಲ್ಲಿ ಬಿಗಿದು ಸುತ್ತಿ ಮಲಗಿಸುವಂತಿಲ್ಲ. ಕಾರ್ ಸೀಟಿನಲ್ಲೇ ನಿದ್ದೆಹೋದ ಮಗುವನ್ನು ಎತ್ತಿ ಕ್ರಿಬ್ಬಿಗೆ ಹಾಕಬೇಕು.

"ಮಲಗಿದ ಕೂಸನ್ನ ಎತ್ತಿ ಮಲಗಿಸ್ತಾಳಂತೆ!" ಎಂದು ಫ್ರೀಮಾಂಟ್‌ನ ಲೇಕ್ ಎಲಿಜಬೆತ್ ದಂಡೆಯ ಬೆಂಚಿನ ಮೇಲೆ ಸಂಜೆ ವರದಿಯಾಗುತ್ತದೆ. ಆ ಬೆಂಚಿಗೆ ಹಾಸನ, ಧಾರವಾಡ, ಗುಂಟೂರು, ಸೂರತ್ ಎಲ್ಲ ಕಡೆಯ ಆರು ತಿಂಗಳ ಅಜ್ಜಿಯರೂ ಸದಸ್ಯರು. ಸಭೆ ಖಂಡಿಸುತ್ತದೆ. ಆದರೆ ಹದಿನೈದು ನಿಮಿಷದ ವಿಷಯ ಅಜ್ಜಿ ಅಲ್ಲಿ ಬಾಯಿಬಿಡುವುದಿಲ್ಲ. ಅದು ಅವರಿಗೆ ಒಳಗೊಳಗೇ ಹಿಡಿಸಿದೆ. ಮಗಳ ಫೋನಿನಲ್ಲಿರುವ ಡೇಕೇರ್‌ನ ಆ್ಯಪನ್ನು ತಮ್ಮ ಫೋನಿಗೂ ಹಾಕಿಸಿಕೊಂಡು, ಮಧ್ಯಾಹ್ನವೆಲ್ಲ ಕನ್ನಡಕ ಏರಿಸಿ ಮಗು ಎಷ್ಟಕ್ಕೆ ಮಲಗಿತು, ಎಷ್ಟಕ್ಕೆ ಎದ್ದಿತು ಎಂದು ಆಡಿಟ್ ಮಾಡುತ್ತಾರೆ. ಒಂದು ದಿನ ನಿದ್ದೆ ಶುರುವಾದ ಸಮಯ ನಮೂದಾಗಿರಲಿಲ್ಲ. ಆಫೀಸಿನ ಮೀಟಿಂಗಿನಲ್ಲಿದ್ದ ಮಗಳಿಗೆ ಮೂರು ಸಲ ಫೋನು ಹೋಯಿತು.

ಮಗು ಬೋರಲು ಬಿದ್ದಾಗ ಇನ್ನೊಂದು ತಮಾಷೆ. ನಮ್ಮ ಎಷ್ಟೋ ಮನೆಗಳಲ್ಲಿ ಅವತ್ತು ಸಿಹಿ ಮಾಡುತ್ತಾರೆ. ಅಜ್ಜಿ ಇಲ್ಲಿ ಒಬ್ಬಟ್ಟಿಗೆ ಬೇಳೆ ಇಟ್ಟರೆ, ಅಲ್ಲಿ ಡೇಕೇರ್ ಒಂದು ಫಾರಂ ಇಟ್ಟಿತು. ಶಿಶುವಿನ ನಿದ್ರಾ ಯೋಜನೆಯ ಆ ಸರ್ಕಾರಿ ಹಾಳೆಯಲ್ಲಿ, ಮಗು ಅಂಗಾತದಿಂದ ಬೋರಲಿಗೂ ಬೋರಲಿನಿಂದ ಅಂಗಾತಕ್ಕೂ ತಾನೇ ಹೊರಳಬಲ್ಲದೆಂದು ತಂದೆತಾಯಿ ಸಹಿ ಹಾಕಬೇಕು. ಆಮೇಲೂ ಮಲಗಿಸುವುದು ಅಂಗಾತವೇ. ತಾನಾಗಿ ಹೊರಳಿಕೊಂಡರೆ ಹಾಗೇ ಬಿಡಬಹುದು. ಸಹಿಯಾಗುವ ಮುನ್ನ ಹಾಳೆಯ ಮೂಲೆಗೆ ಅಜ್ಜಿ ಅರಿಶಿನ ಹಚ್ಚಿದರು. ಮಿಸ್ ಅದನ್ನು ಊಟದ ಕಲೆ ಎಂದುಕೊಂಡಿರಬೇಕು.

ಹಬ್ಬದ ಕಾಲ ಬಂದಾಗ ಎರಡು ಪಟ್ಟಿಗಳೂ ನೇರ ಎದುರಾದವು. 2024ರ ಅಕ್ಟೋಬರ್ 31 ಊರಿನ ಪಂಚಾಂಗದಲ್ಲಿ ನರಕ ಚತುರ್ದಶಿ, ಡೇಕೇರ್‌ನ ಕ್ಯಾಲೆಂಡರಿನಲ್ಲಿ ಹ್ಯಾಲೋವೀನ್. ಬೆಳಗ್ಗೆ ಅಸುರನ ಸಂಹಾರ, ಸಂಜೆ ಅವನ ಬಳಗದವರೆಲ್ಲ ಚಾಕೊಲೇಟು ಕೇಳಿಕೊಂಡು ಬಾಗಿಲಿಗೆ. ಅಜ್ಜಿ ನಸುಕಿನಲ್ಲೇ ಮಗುವಿಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದರು. ಮಗಳು ಅದಕ್ಕೆ ಕುಂಬಳಕಾಯಿ ವೇಷ ತೊಡಿಸಿದಳು, ತಲೆಗೆ ಹಸಿರು ತೊಟ್ಟಿನ ಟೋಪಿ. ಎಣ್ಣೆನೀರು ಬಿದ್ದ ಮಗು ಕಾರಿನಲ್ಲೇ ಗಾಢ ನಿದ್ದೆ ಹೋಯಿತು. ಆರು ಸೀಟಿನ ತಳ್ಳುಗಾಡಿಯಲ್ಲಿ ಸೂಪರ್‌ಮ್ಯಾನು, ಜೇನುಹುಳ, ಎರಡು ಹುಲಿಮರಿಗಳ ಮೆರವಣಿಗೆ ಹೊರಟರೆ ಕುಂಬಳಕಾಯಿ ಗೂಟಕ್ಕೆ ನೇತುಬಿದ್ದಿತ್ತು. ಅದರೊಳಗಿನ ಮಗು ಬನಿಯನ್ನಿನಲ್ಲಿ ಕ್ರಿಬ್ಬಿನ ಮೇಲೆ ಅಂಗಾತ. ಆ್ಯಪಿನಲ್ಲಿ ಫೋಟೋ ಬಂತು. ಮಗಳಿಗೆ ಅಳು, ಎರಡು ವಾರದಿಂದ ಹುಡುಕಿ ತರಿಸಿದ ವೇಷ. ಅಜ್ಜಿಯ ಮುಖದಲ್ಲಿ ಮಾತ್ರ ಬಂದಾಗಿನಿಂದ ಕಾಣದ ಸಮಾಧಾನ. "ನನ್ನ ಕುಲಾವಿಗೂ ಅದೇ ನ್ಯಾಯ, ಅವರ ಟೋಪಿಗೂ ಅದೇ ನ್ಯಾಯ. ಹುಡುಗಿ ಪಕ್ಷಪಾತಿ ಅಲ್ಲ ಕಣೇ."

ಡೇಕೇರ್‌ನ ದೀಪಾವಳಿ ಬ್ಯಾಟರಿ ಹಣತೆಗಳಲ್ಲಿ ಮುಗಿಯಿತು. ಕ್ರಿಸ್‌ಮಸ್ಸಿಗೆ ಮಗುವಿನ ಪಾದಕ್ಕೆ ಬಣ್ಣ ಬಳಿದು ಕಾಗದಕ್ಕೊತ್ತಿ ಹಿಮಸಾರಂಗ ಮಾಡಿ ಕಳಿಸಿದರು. ಲಕ್ಷ್ಮಿಯ ಪಾದ ಬರೆದು ಪಳಗಿದ ಅಜ್ಜಿ ಅದನ್ನು ತಿರುಗಿಸಿ ನೋಡಿ, ಬೆರಳು ಸರಿ ಮೂಡಿಲ್ಲ ಎಂದರು.

ಸಂಕ್ರಾಂತಿಯನ್ನು ಮಾತ್ರ ಬಿಟ್ಟುಕೊಡುವ ಪ್ರಶ್ನೆಯೇ ಇರಲಿಲ್ಲ. ನಿಮ್ಮ ಹಬ್ಬಗಳನ್ನು ನಮ್ಮೊಂದಿಗೆ ಹಂಚಿಕೊಳ್ಳಿ ಎಂದು ಡೇಕೇರ್‌ನವರೇ ನೋಟಿಸು ಕೊಟ್ಟಿದ್ದರು. ಕೊಬ್ಬರಿ, ಬೆಲ್ಲ ಊರಲ್ಲೇ ಸಣ್ಣಗೆ ಹೆಚ್ಚಿ ಒಣಗಿಸಿ ತಂದದ್ದಾಗಿತ್ತು. ಅಜ್ಜಿ ನೆಲದ ಮೇಲೆ ಪೇಪರು ಹಾಸಿ, ಎಳ್ಳು ಬೆರೆಸಲು ಕೂತರು. ಮಗಳು ನೋಟಿಸಿನ ಹಿಂಬದಿ ಓದಲು ಕೂತಳು.

ಕಡಲೆಕಾಯಿ ಬೀಜ ಮೊದಲು ಹೊರಬಿತ್ತು. ಅಲ್ಲಿ ನೆಲಗಡಲೆಯ ಹೆಸರೆತ್ತಿದರೇ ಬಾಗಿಲು ಮುಚ್ಚುತ್ತಾರೆ. ಆಮೇಲೆ ಎಳ್ಳು. 2021ರ ಕಾಯ್ದೆಯೊಂದು ಅದನ್ನು ಅಮೆರಿಕದ ಒಂಬತ್ತನೆಯ ಪ್ರಮುಖ ಅಲರ್ಜಿ ಪದಾರ್ಥವೆಂದು ಘೋಷಿಸಿ, 2023ರ ಜನವರಿ 1ರಿಂದ ಜಾರಿಗೂ ಬಂದಿದೆ. ಕೊಬ್ಬರಿಯದು ಪಾಪ, ವಿಚಿತ್ರ ಕಥೆ. ಎಫ್‌ಡಿಎ ಬಹುಕಾಲ ಅದನ್ನೂ ಬಾದಾಮಿ, ಗೋಡಂಬಿಗಳ ಸಾಲಿನಲ್ಲಿ ಕೂರಿಸಿತ್ತು. ಅದೇ 2025ರ ಜನವರಿಯಲ್ಲಷ್ಟೇ ಬಿಡುಗಡೆ ಮಾಡಿತು, ಡೇಕೇರ್‌ನ ನೋಟಿಸಿಗೆ ಸುದ್ದಿ ಮುಟ್ಟಿರಲಿಲ್ಲ. ಹುರಿಗಡಲೆ ಗಟ್ಟಿ ಕಾಳು, ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕೀತು. ಉಳಿದದ್ದು ಬೆಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಸಿಹಿ ಬೆರೆಸಿದ್ದೇನೂ ಬೇಡ ಎಂಬುದು ಆಗ ಅಲ್ಲಿನ ಸರ್ಕಾರದ ಆಹಾರ ಸಲಹೆಯಾಗಿತ್ತು.

"ಹಾಗಾದ್ರೆ ಖಾಲಿ ಪ್ಯಾಕೆಟ್ಟು ಕೊಟ್ಟು ಒಳ್ಳೇ ಮಾತಾಡಿ ಅನ್ನಲೇನೇ?"

"ಪ್ಲಾಸ್ಟಿಕ್ ಪ್ಯಾಕೆಟ್ಟೂ ಕೊಡೋ ಹಾಗಿಲ್ಲಮ್ಮ. ಉಸಿರುಕಟ್ಟುತ್ತಂತೆ."

ಸಂಜೆ ಮನೆಯಲ್ಲಿ ಮಗುವನ್ನು ಕೂರಿಸಿ, ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆದದ್ದಾಯಿತು. ಆರತಿ ತಟ್ಟೆ ಕೆಳಗಿಡುವ ಮುಂಚೆಯೇ ಅಜ್ಜಿ ತಾವಾಗಿ ಮಂಡಿಯೂರಿ, ಸೋಫಾದಡಿಗೆ ಟಾರ್ಚು ಹಾಕಿ, ಕಾಸು ಎಣಿಸತೊಡಗಿದರು. ಎರೆದದ್ದು ಹನ್ನೊಂದು, ಸಿಕ್ಕಿದ್ದು ಹತ್ತು. ಹನ್ನೊಂದನೆಯದು ಅವರ ಸೀರೆಯ ನೆರಿಗೆಯಲ್ಲೇ ಸಿಗುವವರೆಗೆ ಮಗುವನ್ನು ಯಾರೂ ನೆಲಕ್ಕೆ ಬಿಡುವಂತಿರಲಿಲ್ಲ.

ತಿನ್ನಿಸಲು ಬಿಡದಿದ್ದರೆ ಹಾಡುತ್ತೇನೆ ಎಂದು ಅಜ್ಜಿ ಆಮೇಲೆ ಪಟ್ಟು ಬದಲಿಸಿದರು. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಹೋಗಿ, ಯಾವುದನ್ನೂ ಮುಟ್ಟದೆ, ಕುರ್ಚಿಯಲ್ಲಿ ಕೂತು ಎರಡು ಜೋಗುಳ. ಮಿಸ್‌ಗೆ ಖುಷಿಯಾಯಿತು. ಕೂಡಲೇ ಒಂದು ಫಾರಂ ಕೊಟ್ಟರು. ಡೇಕೇರ್‌ನಲ್ಲಿ ಕೆಲಸಕ್ಕಿರಲಿ, ಸ್ವಯಂಸೇವೆಗೂ ಬರುವವರು ದಡಾರ ಮತ್ತು ನಾಯಿಕೆಮ್ಮಿನ ಲಸಿಕೆಯ ದಾಖಲೆ ತರಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಕಾನೂನಿದೆ.

"ದಡಾರ ನನಗೆ ಚಿಕ್ಕವಳಿದ್ದಾಗಲೇ ಬಂದು ಹೋಗಿದೆ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ರು."

ಅಳಿಯ ಮತ್ತೆ ಲ್ಯಾಪ್‌ಟಾಪ್ ತೆರೆದ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಲೆಕ್ಕದಲ್ಲಿ 1957ಕ್ಕೆ ಮೊದಲು ಹುಟ್ಟಿದವರಿಗೆಲ್ಲ ದಡಾರ ಬಂದುಹೋಗಿದೆ ಎಂದೇ ಊಹೆ. ಆದರೆ ಅಜ್ಜಿಯ ಪಾಸ್‌ಪೋರ್ಟಿನಲ್ಲಿರುವ ಹುಟ್ಟಿದ ದಿನ 1957ರ ಜೂನ್ 1. ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಬೆರಳು ಮಡಿಚಿ ಲೆಕ್ಕ ಹಾಕಿ, ಬರೆದುಕೊಂಡ ತಾರೀಕು.

"ಒಂದು ಸೂಜಿ ಚುಚ್ಚಿಸಿಕೊಂಡ್ರೆ ಮುಗೀತಲ್ಲಮ್ಮ," ಎಂದಳು ಮಗಳು.

"ಬಂದು ಹೋಗಿದ್ದಕ್ಕೆ ಸೂಜಿ ಯಾಕೆ?" ಅಜ್ಜಿ ಆಗಲೇ ಹಾಸನದ ಅಣ್ಣನಿಗೆ ವಾಟ್ಸ್ಆ್ಯಪ್ ಕಾಲ್ ಹಚ್ಚಿದ್ದರು. ಅಲ್ಲಿ ಬೆಳಗಿನ ಜಾವ ಐದು ಗಂಟೆ. ಅಣ್ಣನ ನೆನಪು ಸ್ಪಷ್ಟವಾಗಿತ್ತು: ರಾಜ್ಯ ಒಂದಾದ ವರ್ಷದ ದೀಪಾವಳಿಗೆ ತಂಗಿ ಅಂಬೆಗಾಲಿಡುತ್ತಿದ್ದಳು, ಉರಿಯುವ ಹಣತೆಗೆ ಕೈ ಹಾಕಿದ್ದಳು. ಅಂದರೆ 1956. ಹೆಡ್‌ಮೇಷ್ಟ್ರು ಒಂದು ವರ್ಷಕ್ಕೂ ಹೆಚ್ಚು ನುಂಗಿದ್ದಾರೆ.

"ಅದನ್ನೇ ಬರೆದು ಕಳಿಸು, ನೋಟರಿ ಮಾಡಿಸಿ," ಎಂದರು ಅಜ್ಜಿ.

ಅಣ್ಣ ಒಂದು ಗಳಿಗೆ ಯೋಚಿಸಿ, ಛಾಪಾ ಕಾಗದ ಇಪ್ಪತ್ತು ರೂಪಾಯಿಯದು ಸಾಕೋ, ಅಮೆರಿಕಕ್ಕೆ ಅಂದರೆ ನೂರರದ್ದೇ ತರಬೇಕೋ ಅಂತ ಅಳಿಯನನ್ನೊಮ್ಮೆ ಕೇಳು ಎಂದರು.