ಪಿಶವಿ ಕಾಕೂ

ಪುಣೆಯ ಶಿವಾಜಿನಗರದ ಹಳೆಯ ಸೊಸೈಟಿಗಳಲ್ಲಿ, ಅದರಲ್ಲೂ ಲಿಫ್ಟ್ ಇಲ್ಲದ ಕಟ್ಟಡಗಳಲ್ಲಿ, ಮಹಡಿಗೊಬ್ಬರಂತೆ ಅಲ್ಲದಿದ್ದರೂ ಓಣಿಗೊಬ್ಬರಂತೆ ಪಿಶವಿ ಕಾಕೂ, ಅಂದರೆ ಚೀಲದ ಚಿಕ್ಕಮ್ಮ, ಇದ್ದೇ ಇರುತ್ತಾರೆ. ತವರು ಧಾರವಾಡವೋ ವಿಜಾಪುರವೋ. ಮದುವೆಯಾಗಿ ಬಂದು ನಲವತ್ತು ವರ್ಷವಾದರೂ ಲೆಕ್ಕ ಮಾತ್ರ ಕನ್ನಡದಲ್ಲೇ. ಕೈಯಲ್ಲಿ ದಪ್ಪನೆಯ ಕ್ರೋಶಾ ಸೂಜಿ, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ ಕತ್ತರಿಸಿ ಮಾಡಿದ ದಾರದ ಉಂಡೆ. ಬಾಗಿಲಿಗೆ ಕಾಲೊರಸು, ಬಚ್ಚಲಿಗೆ ಸೋಪಿನ ಜಾಳಿಗೆ, ಉಳ್ಳಾಗಡ್ಡಿಗೆ ತೂಗುಚೀಲ ಎಲ್ಲವೂ ಅದರಿಂದಲೇ. ಕಂಡವರೆಲ್ಲ ಇವರನ್ನು ಪರಿಸರವಾದಿ ಎಂದು ಹೊಗಳುತ್ತಾರೆ. ಇದು ಶುದ್ಧ ತಪ್ಪು ತಿಳಿವಳಿಕೆ. ಹಳೆ ಸೀರೆ, ಹರಿದ ಧೋತರ ಸೇರಿಸಿ ಕೌದಿ ಹೊಲಿದವರ ಮೊಮ್ಮಗಳು ಇವರು. ಪರಿಸರಕ್ಕೂ ಇವರಿಗೂ ಇರುವುದು ದೂರದ ಬೀಗತನ: ಎದುರಿಗೆ ಬಂದರೆ ನಮಸ್ಕಾರ, ಇಲ್ಲದಿದ್ದರೆ ನೆನಪೂ ಇಲ್ಲ.

ಸಾಕ್ಷಿ ಬೇಕಿದ್ದರೆ ಹಾಲಿನ ಪಾಕೀಟು ನೋಡಿ. ಅದನ್ನು ಕಾಕೂ ಎಂದೂ ಹೆಣೆಯುವುದಿಲ್ಲ. ತೊಳೆದು, ತಂತಿಗೆ ಚಿಮಟಾ ಹಾಕಿ ಒಣಗಿಸಿ, ಕಟ್ಟು ಕಟ್ಟಿ ರದ್ದಿಯವನಿಗೆ ತೂಕದ ಮೇಲೆ ಮಾರುತ್ತಾರೆ. ರದ್ದಿಯವನು ಮೂಸಿಯೂ ನೋಡದ ತೆಳು ಚೀಲ ಮಾತ್ರ ದಾರವಾಗುತ್ತದೆ. ಭೂತಾಯಿಯ ಮೇಲಿನ ಮಮತೆಯಾಗಿದ್ದರೆ ಎರಡಕ್ಕೂ ಒಂದೇ ಮರ್ಯಾದೆ ಸಿಗಬೇಕಿತ್ತು. ಇನ್ನು ಕೆಲಸದ ರೀತಿ. ಚೀಲವನ್ನು ನೆಲಕ್ಕೆ ಹಾಸಿ, ರೊಟ್ಟಿ ತಟ್ಟಿದಂತೆ ಗಾಳಿ ಹೊರಡಿಸಿ, ಹಿಡಿಕೆ ಮತ್ತು ತಳ ಕತ್ತರಿಸಿ, ಉಳಿದದ್ದನ್ನು ಮಡಚಿ ಇಂಚಿಗೊಂದರಂತೆ ಅಡ್ಡ ಕತ್ತರಿಸಿದರೆ ಬಳೆಗಳು ಬರುತ್ತವೆ. ಒಂದು ಬಳೆಯೊಳಗೆ ಇನ್ನೊಂದನ್ನು ತೂರಿಸಿ, ತೂರಿಸಿದ್ದರ ತುದಿಯನ್ನು ಅದರದೇ ಹೊಟ್ಟೆಯೊಳಗಿಂದ ಎಳೆದರೆ ಗಂಟು. ಮಲ್ಲಿಗೆ ಕಟ್ಟುವಷ್ಟೇ ವೇಗ. ಕತ್ತರಿಸಿದ ಹಿಡಿಕೆ, ತಳಗಳೂ ಕಸಕ್ಕೆ ಹೋಗುವುದಿಲ್ಲ, ಲೋಡಿನ ಹೊಟ್ಟೆ ಸೇರುತ್ತವೆ. ಅತಿಥಿಗಳು ಒರಗಿದಾಗ ಆ ಲೋಡು ಸರಸರ ಎನ್ನುವುದು ಇದಕ್ಕೇ.

ಇನ್ನೂ ಗಟ್ಟಿ ಸಾಕ್ಷಿ ಒದಗಿಸಿದ್ದು ಸರಕಾರ. 2018ರ ಮಾರ್ಚ್ 23ರಂದು ಮಹಾರಾಷ್ಟ್ರ ಕ್ಯಾರಿಬ್ಯಾಗ್ ನಿಷೇಧಿಸಿತು. ಜೂನ್ 23ರಿಂದ ಮೊದಲ ತಪ್ಪಿಗೇ 5,000 ರೂಪಾಯಿ ದಂಡ. ಪರಿಸರವಾದಿಯಾದವರು ಪೇಢೆ ಹಂಚಬೇಕಾದ ದಿನ. ಈ ಕುಲಕ್ಕೆ ಮಾತ್ರ ಅದು ನೂಲಿನ ಬರಗಾಲ. 2022ರ ಕೊನೆಗೆ ದೇಶದಲ್ಲೆಲ್ಲ 120 ಮೈಕ್ರಾನಿಗಿಂತ ತೆಳುವಾದ ಚೀಲವೂ ಕೂಡದು ಎಂದಾಯಿತು. ದಪ್ಪ ಚೀಲ ಸೂಜಿಗೆ ಬಗ್ಗುವುದಿಲ್ಲ, ಬೆರಳಿಗೆ ಬೊಬ್ಬೆ ಬರುತ್ತದೆ. ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲವೂ ಪಾಲಿಪ್ರೊಪಿಲೀನೇ, ಆದರೆ ಎಳೆದಲ್ಲೇ ಹರಿಯುತ್ತದೆ. ಹೀಗಾಗಿ ಮಂಚದ ಕೆಳಗಿನ ಚೀಲಗಳ ಚೀಲ ಬಂಗಾರದ ಡಬ್ಬಿಗಿಂತ ಹೆಚ್ಚು ಕಾವಲಿನಲ್ಲಿದೆ.

ಇಷ್ಟೆಲ್ಲ ದುಡಿದು ಹೆಣೆದ ಕಾಲೊರಸು ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತದಲ್ಲ ಎಂದು ಸೊಸೆಯಂದಿರು ಕೇಳುತ್ತಾರೆ. ಆ ಲೆಕ್ಕ ಹಿಡಿದರೆ ಮನೆಯ ಹಪ್ಪಳ, ಸಂಡಿಗೆ, ಶ್ಯಾವಿಗೆ ಎಲ್ಲವೂ ನಷ್ಟದ ಬಾಬತ್ತೇ. ಯಾವ ಸೊಸೆಯೂ ಅವನ್ನು ಬೇಡ ಎಂದ ದಾಖಲೆ ಇಲ್ಲ. ಬಿಸಿಲಿಗೆ ಈ ಚೀಲ ಪುಡಿಪುಡಿಯಾಗಿ ಮಣ್ಣು ಸೇರುತ್ತದೆ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು, ಒಪ್ಪಲೇಬೇಕು. ಬಾಲ್ಕನಿಯ ತೂಗುಚೀಲ ಮುರುಕು ಹಪ್ಪಳದಂತಾಗುತ್ತದೆ. ಬೆಂಕಿಯ ಬಿಸಿಗೂ ಅಷ್ಟೇ: ಒಗ್ಗರಣೆಯ ಕಡಾಯಿ ಇಟ್ಟ ಇದೇ ದಾರದ ಸಿಂಬಿ ಕಡಾಯಿಗೇ ಅಂಟಿಕೊಳ್ಳುತ್ತದೆ. ಕುದಿಯುವ ನೀರಿನ ಬಿಸಿಗಿಂತ ತುಸು ಮೇಲೇರಿದರೆ ಸಾಕು, ಪಾಲಿಥೀನ್ ಕರಗುತ್ತದೆ. ಇದೇ ಪುಣೆಯಲ್ಲಿ ಚೀಲದ ಪಟ್ಟಿಯನ್ನು ಚರಕಕ್ಕೆ ಸುತ್ತಿ ಕೈಮಗ್ಗದಲ್ಲಿ ನೇಯುವ ರಿಚರಖಾದಂಥ ಸಂಸ್ಥೆ ಇರುವಾಗ ಇವರೊಬ್ಬರ ಸೂಜಿಯಿಂದ ಏನಾದೀತು ಎನ್ನುವವರೂ ಇದ್ದಾರೆ. ಏನೂ ಆಗದು. ಏನೋ ಆಗುತ್ತದೆ ಎಂದು ಕಾಕೂ ಹೇಳಿದ್ದಾದರೂ ಯಾವಾಗ?

ಅನುಮಾನ ಉಳಿದವರು ಸಂಜೆ ಇವರ ಹಿಂದೆ ಕಾಯಿಪಲ್ಯಕ್ಕೆ ಹೋಗಬೇಕು. ಹೆಗಲಿಗೆ ಸ್ವಂತ ಹೆಣಿಕೆಯ ಜಾಳು ಪಿಶವಿ. ಹಸಿಮೆಣಸಿನಕಾಯಿ ಅದರ ಕಣ್ಣಿನಿಂದ ಉದುರುತ್ತವೆಂದು ಗಾಡಿಯವನು ಅತ್ತಿತ್ತ ನೋಡಿ, ಗೋಣಿಯ ಕೆಳಗಿನಿಂದ ಒಂದು ತೆಳು ಚೀಲ ತೆಗೆಯುತ್ತಾನೆ. ಬೇಡವೆನ್ನುವ ಮಾತೇ ಇಲ್ಲ. ಕಾಕೂ ಅದನ್ನು ದೀಪದ ಬೆಳಕಿಗೆ ಹಿಡಿದು, ಎರಡು ಬೆರಳಲ್ಲಿ ತಿಕ್ಕಿ, ಪಕ್ಕದವರಿಗೆ ತೋರಿಸುತ್ತಾರೆ: “ವೈನೀ, ಈ ಹಸರು ಈಗ ಎಲ್ಲೆ ಸಿಗತದರೀ?”