ಇರ್ಲಿಬಿಡು ಸಾವ್ಕಾರರು

ವಿಜಯಪುರದ ಯಾವ ಓಣಿ ಹೊಕ್ಕರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಮೊಬೈಲು, ಬಾಯಲ್ಲಿ ಒಂದೇ ಮಾತು: "ಇರ್ಲಿ ಬಿಡೋ." ತಿಕೋಟಾ ಕಡೆ ದ್ರಾಕ್ಷಿ ತೋಟ, ಅಲ್ಲೇ ಒಣದ್ರಾಕ್ಷಿ ಶೆಡ್ಡು. ಮಾಲು ಮಾತ್ರ ತಾಸಗಾಂವ ಪೇಟೆಯ ಮುಖ ನೋಡದೆ ಕೋಲ್ಡ್ ಸ್ಟೋರೇಜಿನಲ್ಲಿ ಮಲಗಿರುತ್ತದೆ. "ದರಾ ಏರ್ತೈತಿ, ಇರ್ಲಿ." ಇಳಿದರೆ? "ಮತ್ತ ಏರ್ತೈತಿ, ಇರ್ಲಿ."

ಸಾವ್ಕಾರರು ಒಣದ್ರಾಕ್ಷಿ ಮಾರಲು ವೆಬ್ ಆ್ಯಪ್ ಒಂದನ್ನು ಮಾಡಿಸಿದ್ದಾರೆ. ಅದು ತೆರೆದುಕೊಳ್ಳುವಷ್ಟರಲ್ಲಿ ಹಸಿ ದ್ರಾಕ್ಷಿಯೂ ಒಣಗುತ್ತದೆ. ಬಬಲೇಶ್ವರದ ಹುಡುಗನೊಬ್ಬ ರಿಪೇರಿಗೆ ಬಂದು ಡೇಟಾಬೇಸ್ ತೆರೆದ. ಒಂದೇ ಶೆಡ್ಡು ಮೂರು ಕಡೆ ಕೂತಿತ್ತು. ಹಳೇ ರಸೀದಿ ಪುಸ್ತಕ ನೋಡಿ ಬರೆಸಿದ್ದು 'ಬಿಜಾಪುರ ತಾಲೂಕು'. 2014ರ ನವೆಂಬರ್ 1ಕ್ಕೆ ಊರಿನ ಹೆಸರು ಬದಲಾದ ಮೇಲೆ ಅಚ್ಚಾದ ಪುಸ್ತಕದ್ದು 'ವಿಜಯಪುರ ತಾಲೂಕು'. ತಿಕೋಟಾವೇ ತಾಲೂಕಾದ ಮೇಲಿನದು 'ತಿಕೋಟಾ ತಾಲೂಕು'. ಮೂರಕ್ಕೂ ಅದೇ ಫೋಟೋಗಳು. ಮೇಲಾಗಿ, ಪ್ರತಿ ಮಾಲಿನ ಕೆಳಗೂ ಗೋಳಗುಮ್ಮಟದ ಅದೇ ಫೋಟೋ. ಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಮರುದನಿ ಎನ್ನುತ್ತಾರೆ ಗೈಡುಗಳು. ಸಾವ್ಕಾರರ ಆ್ಯಪ್ ಆ ದಾಖಲೆಯನ್ನು ಎಂದೋ ಮುರಿದಿತ್ತು.

"ಸಾವ್ಕಾರ್ರ, ಒಂದ ಫೋಟೋಕ್ಕ ಇಷ್ಟ್ ಲಿಂಕ್ ಯಾಕ್ರೀ? ತಗದ ಬಿಡ್ಲಿ?"

"ಇರ್ಲಿ ಬಿಡೋ ತಮ್ಮಾ. ಅವೇನ್ ಅನ್ನಾ ಕೇಳ್ತಾವೇನು?"

"ಇವು ನೋಡ್ರಿ, ಫೋಟೋನ ಇಲ್ಲ. ಬರೇ ಲಿಂಕ್ ಐತಿ."

"ಫೋಟೋ ಹೋದ್ರ ಹೋಗ್ಲಿ, ವಿಳಾಸರ ಇರ್ಲಿ!"

ಹುಡುಗ ಜಾಣ, ವಾದಕ್ಕಿಳಿಯಲಿಲ್ಲ. ಮೊದಲು ಬ್ಯಾಕಪ್ ತೆಗೆದ. 'ಇರ್ಲಿ' ಅನ್ನುವುದು ನಿಜಕ್ಕೂ ಸಲ್ಲುವುದು ಇದೊಂದಕ್ಕೇ. ಆಮೇಲೆ ಪ್ರತಿ ಫೈಲಿನ ಹ್ಯಾಶ್, ಅಂದರೆ ಒಳಗಿನ ಸರಕಿನಿಂದಲೇ ಹುಟ್ಟುವ ಗುರುತು, ಲೆಕ್ಕ ಹಾಕಿಸಿದ. ಎರಡು ಫೈಲು ಅಕ್ಷರಶಃ ಒಂದೇ ಆಗಿದ್ದರೆ ಹ್ಯಾಶೂ ಒಂದೇ, ಹೆಸರು ಏನಾದರೂ ಇರಲಿ. ಆದರೆ ಸಾವ್ಕಾರರು ಫೋಟೋ ಕಳಿಸುವುದು ವಾಟ್ಸ್ಆ್ಯಪಿನಲ್ಲಿ. ಅಲ್ಲಿ ಚಿತ್ರ ಕುಗ್ಗಿ ಬರುತ್ತದೆ. ಕಣ್ಣಿಗೆ ಅದೇ ದ್ರಾಕ್ಷಿ, ಯಂತ್ರಕ್ಕೆ ಬೇರೆ ಫೈಲು. ಅಂಥವನ್ನು ಪಾಪ, ಚಹಾದ ಮೇಲೆ ಚಹಾ ಕುಡಿಯುತ್ತ ಕಣ್ಣಿನಿಂದಲೇ ಆರಿಸಿದ.

ಅಳಿಸುವುದರಲ್ಲೂ ಒಂದು ಕ್ರಮವಿದೆ. ಹೆಚ್ಚುವರಿ ಲಿಂಕಿನ ಜೊತೆ ಫೈಲನ್ನೂ ಅಳಿಸಿದರೆ, ಅದನ್ನೇ ನೆಚ್ಚಿಕೊಂಡ ಉಳಿದ ಪುಟಗಳಲ್ಲಿ ಚಿತ್ರದ ಜಾಗ ಖಾಲಿ ಬೀಳುತ್ತದೆ. ಆದ್ದರಿಂದ ಎಲ್ಲ ಪುಟಗಳನ್ನೂ ಒಂದೇ ಲಿಂಕಿಗೆ ಜೋಡಿಸಿ, ಮೂರು ಕಡೆ ಕೂತಿದ್ದ ಶೆಡ್ಡನ್ನು ಒಂದಾಗಿಸಿ, ಬೇಡವಾದ ಸಾಲುಗಳನ್ನು ಕಿತ್ತು, ಯಾರೂ ಕೇಳದ ಫೈಲುಗಳನ್ನು ಕಡೆಗೆ ತೆಗೆದ. ಅದೇ ಹ್ಯಾಶ್ ಮತ್ತೆ ಒಳಗೆ ಬಾರದಂತೆ ಯುನೀಕ್ ಇಂಡೆಕ್ಸ್ ಹಾಕಿದ.

ಆ್ಯಪ್ ಥಟ್ಟನೆ ತೆರೆಯಿತು. ಸಾವ್ಕಾರರ ಮುಖ ಇಳಿಯಿತು. "ಮೂರ್ ಶೆಡ್ ಇದ್ದುವಲ್ಲೋ! ಗಿರಾಕಿ ಏನ್ ತಿಳ್ಕೊತಾರು, ಎರಡ ಮಾರ್ಕೊಂಡ ಅಂತಾರ!"

ಹುಡುಗ ತಿಳಿಹೇಳಿ ಸೋತ. ಅವನ ಬಿಲ್ಲು ಇನ್ನೂ ಪಾವತಿಯಾಗಿಲ್ಲ. ಅದಕ್ಕೂ "ಇರ್ಲಿ ಬಿಡೋ" ಎಂದೇ ಉತ್ತರ. ತಿಕೋಟಾ ಒಣದ್ರಾಕ್ಷಿ ಬೇಕಾದವರು ಆ್ಯಪ್ ತೆರೆದು ನೋಡಿ. ಒಂದೇ ಶೆಡ್ಡು ಕಂಡರೆ ಗಾಬರಿಯಾಗಬೇಡಿ, ಮೊದಲಿನಿಂದಲೂ ಇದ್ದದ್ದು ಒಂದೇ.