ಅನಾವರಣಕ್ಕೆ ಕಾದಿರುವ ಫರ್ಸಿ ಕಲ್ಲಿಗೆ

ಕಪನೂರ, ಕಲಬುರಗಿ

ತಮ್ಮಾ ಶಹಾಬಾದ್ ಫರ್ಸಿ,



ಬೇಳೆ ಮಿಲ್ಲಿನ ಗೋಡೆಗೊರಗಿ, ಕೆಂಪು ಬಟ್ಟೆ ಹೊದ್ದು ಕೂತು ನಿನಗೆ ಇವತ್ತಿಗೆ ಇಪ್ಪತ್ತು ದಿನ. ಬಟ್ಟೆಯ ಮೇಲೆ ತೊಗರಿ ಹೊಟ್ಟು ಒಂದು ಬೆರಳು ಕೂತಿದೆ. ನಿನ್ನೆ ಆಡೊಂದು ಅದರ ಅಂಚು ಮೆಲ್ಲುವಾಗ ನಿನ್ನ ಬರಹ ಕಂಡಿತು. 'ಈ ಊರಿನ ಮೂಲ ಮನೆತನದ ಸ್ಮರಣಾರ್ಥ', ಒಂದೇ ಸಾಲು. ಕೆಳಗೆ ಅಮೃತಹಸ್ತ, ಘನ ಅಧ್ಯಕ್ಷತೆ, ಗೌರವ ಉಪಸ್ಥಿತಿ ಎಂದು ಹನ್ನೊಂದು ಸಾಲು. ಮನೆತನದ ಹೆಸರಿಗೆ ಜಾಗ ಖಾಲಿ ಬಿಟ್ಟಿದ್ದಾರೆ. ಯಾವ ಮನೆತನ ಎಂಬುದು ಸಮಿತಿಯಲ್ಲಿ ಇನ್ನೂ ಬಗೆಹರಿದಿಲ್ಲವಂತೆ.

ಗೌಡಕಿಯವರು ನಾವೇ ಮೊದಲು ಬಂದವರು ಅನ್ನುತ್ತಾರೆ. ಕುಲಕರ್ಣಿಕಿಯವರು ದಫ್ತರದ ಗಂಟು ಬಿಚ್ಚುತ್ತಾರೆ. ಬಾವಿ ತೋಡಿದವರ ಮನೆಯವರನ್ನು ಸಭೆಗೆ ಕರೆಯಲಿಲ್ಲ. ಕುರ್ಚಿ ಕಡಿಮೆ ಬಿದ್ದವಂತೆ.

ಕಲಬುರಗಿಗೆ ಮೂಲ ಮನೆತನ ಬೇಕೇ ಬೇಕೆಂದರೆ, 1347ರಲ್ಲಿ ಬಹಮನಿ ರಾಜ್ಯ ಕಟ್ಟಿದ ಹಸನ್ ಷಾನ ಮನೆತನವಿದೆ. ಅದೂ ಮುಂದೆ ಗಂಟುಮೂಟೆ ಕಟ್ಟಿ ಬೀದರಿಗೆ ಹೋಯಿತು. ಉಳಿದುಹೋದ ಗೋರಿಗಳಿಗೆ ಜನ ಇಟ್ಟ ಹೆಸರು ಹಫ್ತ್ ಗುಂಬಜ್, ಏಳು ಗುಮ್ಮಟ. ಸುಲ್ತಾನರ ಹೆಸರು ಹೋಗಿ ಎಣಿಕೆ ನಿಂತಿತು.

ನಮ್ಮದೇ ಜಿಲ್ಲೆಯ ಸನ್ನತಿಯಲ್ಲಿ ನಿನ್ನ ಹಿರಿಯಣ್ಣನೊಬ್ಬನಿದ್ದಾನೆ. ಮೈತುಂಬ ಅಶೋಕನ ಆಜ್ಞೆ. ಆಮೇಲಿನವರು ಅವನ ಹೊಟ್ಟೆಗೆ ತೂತು ಕೊರೆದು ಕಾಳಿ ವಿಗ್ರಹಕ್ಕೆ ಪೀಠ ಮಾಡಿದರು. 1986ರಲ್ಲಿ ಗುಡಿಯ ಮಾಳಿಗೆ ಕುಸಿದು ವಿಗ್ರಹಕ್ಕೆ ಪೆಟ್ಟು ಬಿದ್ದಾಗಲೇ ಅಕ್ಷರ ಹೊರಬಿದ್ದದ್ದು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅದೇ ಚಕ್ರವರ್ತಿಯ ಶಿಲ್ಪ ಸಿಕ್ಕಿತು. ಅದರ ಮೇಲೆ ಬ್ರಾಹ್ಮಿಯಲ್ಲಿ ಎರಡೇ ಪದ: 'ರಾಯೋ ಅಸೋಕೋ'. ಪರದೆ ಸರಿಸಿದವರು ಯಾರು, ಊಟದ ಖರ್ಚು ಯಾರದು, ಒಂದಕ್ಷರವಿಲ್ಲ. ಪಾಪ, ಅಶೋಕನಿಗೆ ಸಮಿತಿ ಇರಲಿಲ್ಲ.

ಎದುರಿನ ಚಹಾದಂಗಡಿಯಾಕೆ ನಿನ್ನನ್ನು ಮೇಲಿಂದ ಕೆಳಗೆ ನೋಡಿ ಅಂದಳು: "ಅರಿವಿ ಒಗ್ಯಾಕ ಛಲೋ ಕಲ್ಲ ಅದ, ಯಣ್ಣಾ. ಬರದಿದ್ ಮಾರಿ ತೆಳಗ ಹಾಕಿದ್ರಾತು."

ಹಾಗೇನಾದರೂ ಆದರೆ ಬೇಸರ ಮಾಡಿಕೊಳ್ಳಬೇಡ. ಬಿಸಿಲು ಮಳೆ ತಾಕದೆ ನಿನ್ನ ಹನ್ನೊಂದು ಸಾಲೂ ಮುಕ್ಕಾಗದೆ ಉಳಿಯುತ್ತವೆ. ಆ ಖಾಲಿ ಜಾಗವೂ.

ಇತಿ,
ಕಮಲಾಪುರ ಬಸ್ಸಿಗೆ ಕಾಯುತ್ತ ನಿನ್ನ ಪಕ್ಕ ನಿಲ್ಲುವವ